ಹಳೆಯ ಕಾರು: ಬಲ್ಲವರ ಕೌಂಟರನ್ನು ಅರಸುತ್ತ

ಮನೆಯೆಂದ ಮೇಲೆ ಹಿರಿಯರು ಬಿಟ್ಟುಹೋದ ಕೆಲವು ವಸ್ತುಗಳಿರುವುದು ಸಹಜ. ಅಜ್ಜಿಯ ಕಾಲದ ಹಿತ್ತಾಳೆಯ ಪಾತ್ರೆ, ಅಜ್ಜನ ಗೋಡೆ ಗಡಿಯಾರ, ಮದುವೆಯಲ್ಲಿ ಬಂದ ಬೀಟೆಯ ಪೆಟ್ಟಿಗೆ ಇವೆಲ್ಲವನ್ನೂ ನಾವು ಅಭಿಮಾನದಿಂದ ಕಾಪಾಡಿಕೊಂಡು ಬರುತ್ತೇವೆ. ಅನೇಕ ಮನೆಗಳಲ್ಲಿ ಈ ಸಾಲಿಗೆ ಈಗ ಮೋಟಾರು ಕಾರೂ ಸೇರಿದೆ. ಪಾತ್ರೆಗೆ ಕಲಾಯಿ ಹಾಕಿಸಿದರೆ ಅದು ಮತ್ತೆ ಬಳಕೆಗೆ ಬರುತ್ತದೆ. ಕಾರಿನ ವಿಚಾರ ಹಾಗಲ್ಲ. ಅದರಲ್ಲಿ ಮನೆಯ ಮಕ್ಕಳು ಮರಿಗಳೆಲ್ಲ ಕುಳಿತು ಪ್ರಯಾಣ ಮಾಡುತ್ತಾರೆ. ಅದರೊಳಗಿನ ಒಂದು ಸಣ್ಣ ರಬ್ಬರು ಕೆಟ್ಟರೂ ಪ್ರಾಣಕ್ಕೆ ಸಂಚಕಾರ ಬಂದೀತು. ಆದ್ದರಿಂದ ಹಳೆಯ ಕಾರನ್ನು ಇಟ್ಟುಕೊಂಡವರು ಮೊದಲು ಹುಡುಕಬೇಕಾದುದು ಬಿಡಿಭಾಗವನ್ನಲ್ಲ, ಬಿಡಿಭಾಗವನ್ನು ಬಲ್ಲವರನ್ನು. ಈ ಮಾತನ್ನು ನಾವು ಅನುಭವದಿಂದಲೇ ಕಲಿತೆವು.

ನಮ್ಮ ತಂದೆಯವರು 1993ರಲ್ಲಿ ರಾಣೆಬೆನ್ನೂರಿನ ಮನೆಗೆ ಬಿಳಿಯ ಬಣ್ಣದ ಮಾರುತಿ 800 ಕಾರನ್ನು ತಂದರು. ತಂಗಿಯರ ಮದುವೆಯ ಓಡಾಟ, ತಾಯಿಯವರನ್ನು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ ಸಂದರ್ಭ, ಜಾತ್ರೆ ಉತ್ಸವಗಳ ಪ್ರಯಾಣ ಎಲ್ಲಕ್ಕೂ ಅದೇ ಆಸರೆಯಾಗಿತ್ತು. 2016ರಲ್ಲಿ ತಂದೆಯವರು ಲಿಂಗೈಕ್ಯರಾದ ಮೇಲೆ ಅದನ್ನು ಮಾರಲು ನಮಗೆ ಮನಸ್ಸು ಬರಲಿಲ್ಲ.

ಮಾರುತಿ 800 ನಮ್ಮ ದೇಶದ ಮಧ್ಯಮ ವರ್ಗದ ಕುಟುಂಬಗಳಿಗೆ ಕಾರಿನ ಭಾಗ್ಯವನ್ನು ಒದಗಿಸಿದ ವಾಹನ. 1983ರ ಡಿಸೆಂಬರ್ 14ರಂದು ಅದರ ಮೊದಲ ಕಾರಿನ ಕೀಲಿಕೈಯನ್ನು ಗ್ರಾಹಕರಿಗೆ ನೀಡಲಾಯಿತು. 1986ರಲ್ಲಿ ಅದರ ಆಕಾರ ಬದಲಾಯಿತು. ಮೂರು ಸಿಲಿಂಡರಿನ, 796 ಸಿ.ಸಿ. ಸಾಮರ್ಥ್ಯದ ಅದರ ಎಂಜಿನ್ನಿಗೆ ಮೊದಲು ಕಾರ್ಬುರೇಟರ್ ಇತ್ತು. 2000ದ ಸುಮಾರಿಗೆ ಇಂಧನವನ್ನು ಸಿಂಪಡಿಸುವ ಎಂ.ಪಿ.ಎಫ್.ಐ. ವ್ಯವಸ್ಥೆ ಬಂದಿತು. 2014ರ ಜನವರಿಯಲ್ಲಿ ಉತ್ಪಾದನೆ ನಿಂತಿತು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಕಾರು. ಆದರೆ ಈ ಮೂವತ್ತು ವರ್ಷಗಳಲ್ಲಿ ಒಳಗಿನ ಭಾಗಗಳು ಎಷ್ಟೋ ಸಲ ಬದಲಾಗಿವೆ. ತೊಡಕು ಪ್ರಾರಂಭವಾಗುವುದೇ ಇಲ್ಲಿ.

ಎರಡು ಕಡೆಯ ಅನುಭವ

2022ರಲ್ಲಿ ನಮ್ಮ ಕಾರಿನ ಹಿಂದಿನ ಚಕ್ರದ ಒಳಬದಿಯಲ್ಲಿ ಬ್ರೇಕಿನ ಎಣ್ಣೆ ಒಸರತೊಡಗಿತು. ಬ್ರೇಕ್ ಸಿಲಿಂಡರಿನ ರಬ್ಬರು ಹೋಗಿದೆ ಎಂದು ಮೇಸ್ತ್ರಿಯವರು ಹೇಳಿದರು. ಸಮೀಪದ ನಗರದ ಒಂದು ಮಾರಾಟ ಮಳಿಗೆಯ ಬಿಡಿಭಾಗಗಳ ಕೌಂಟರಿಗೆ ಹೋದೆವು. ಅಲ್ಲಿದ್ದ ತರುಣ ಕಂಪ್ಯೂಟರಿನಲ್ಲಿ ಕ್ಷಣಕಾಲ ನೋಡಿ, "ಈ ಗಾಡಿ ಬಂದ್ ಆಗಿದೆ ಸರ್, ಸಾಮಾನು ಬರೋದಿಲ್ಲ, ಗುಜರಿಗೆ ಕೊಟ್ಟುಬಿಡಿ" ಎಂದನು. ಅವನನ್ನು ದೂರುವಂತಿಲ್ಲ. ನಮ್ಮ ಕಾರು ಅವನಿಗಿಂತ ವಯಸ್ಸಿನಲ್ಲಿ ಹಿರಿಯದು. ನಮ್ಮ ವಾಹನದ ಸಂಖ್ಯೆಯನ್ನು ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಿರಾಶರಾಗಿ ಪೇಟೆಯ ಒಂದು ಅಂಗಡಿಯಲ್ಲಿ, ಹೆಸರಿಲ್ಲದ ಪೊಟ್ಟಣದಲ್ಲಿದ್ದ ರಬ್ಬರನ್ನು ಅಗ್ಗದ ಬೆಲೆಗೆ ತಂದು ಹಾಕಿಸಿದೆವು. ಎರಡು ತಿಂಗಳು ಕಳೆಯಿತು. ಒಂದು ಸಂಜೆ ತಾಯಿಯವರನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕುಳ್ಳಿರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿರುವಾಗ ಬ್ರೇಕಿನ ಪೆಡಲು ಎಂದೂ ಇಲ್ಲದಷ್ಟು ಕೆಳಗಿಳಿಯಿತು. ಮುಂದೆ ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಕೈಬ್ರೇಕನ್ನೂ ಎಳೆದು ಹೇಗೋ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಬಿಚ್ಚಿ ನೋಡಿದಾಗ ಆ ರಬ್ಬರು ಉಬ್ಬಿಕೊಂಡು ಅಂಚಿನಲ್ಲಿ ಸೀಳಿಹೋಗಿತ್ತು. ಉಳಿಸಿದ ಹಣವನ್ನು ನೆನೆದು ಅಂದು ನಮಗೆ ನಾಚಿಕೆಯಾಯಿತು.

ಅನಂತರ ಮೇಸ್ತ್ರಿಯವರ ಸಲಹೆಯಂತೆ ದಾವಣಗೆರೆಗೆ ಹೋದೆವು. ಅಲ್ಲಿನ ಒಂದು ಹಳೆಯ ಮಳಿಗೆಯ ಕೌಂಟರಿನಲ್ಲಿ ಕನ್ನಡಕ ಧರಿಸಿದ ಹಿರಿಯರೊಬ್ಬರಿದ್ದರು. ನಾವು ಬಾಯಿ ತೆರೆಯುವ ಮೊದಲೇ, "ಯಾವ ವರ್ಷದ ಗಾಡಿರೀ? ಆರ್.ಸಿ. ತಂದೀರೇನು? ಬಿಚ್ಚಿದ ಸಾಮಾನು ಐತೇನು?" ಎಂದು ಮೂರು ಪ್ರಶ್ನೆ ಕೇಳಿದರು. ಚಾಸಿ ಸಂಖ್ಯೆಯನ್ನು ನೋಡಿ, ಹಳೆಯ ಸಿಲಿಂಡರನ್ನು ಬೆಳಕಿಗೆ ಹಿಡಿದು ಒಳಗೆ ಬೆರಳಾಡಿಸಿದರು. "ಒಳಗೆ ಗುಂಡಿ ಬಿದ್ದಾವ್ರೀ. ಬರೇ ರಬ್ಬರ್ ಹಾಕಿದ್ರ ಮತ್ತ ಸೋರತದ. ಪೂರಾ ಸಿಲಿಂಡರೇ ಬದಲಿ ಮಾಡ್ರಿ. ಒಂದು ಕಡೆ ಹೊಸಾದು, ಒಂದು ಕಡೆ ಹಳೇದು ಬ್ಯಾಡ, ಎರಡೂ ಹಾಕಿಸ್ರಿ" ಎಂದರು. ಹಳೆಯ ಸಂಖ್ಯೆಯ ಭಾಗ ನಿಂತುಹೋಗಿ ಅದರ ಬದಲಿಗೆ ಬೇರೆ ಸಂಖ್ಯೆಯ ಭಾಗ ಬಂದಿದೆಯೆಂದು ತೋರಿಸಿಕೊಟ್ಟರು. ಒಂದು ಅವರಲ್ಲಿಯೇ ಇತ್ತು. ಇನ್ನೊಂದನ್ನು ಮುಂಗಡ ಪಡೆದು ಐದು ದಿನಗಳಲ್ಲಿ ತರಿಸಿಕೊಟ್ಟರು.

ಸಂಖ್ಯೆಯೇ ಕುಲಗೋತ್ರ

ಕಾರಿನ ಪ್ರತಿಯೊಂದು ಭಾಗಕ್ಕೂ ತಯಾರಕರು ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಸುಜುಕಿ ಪದ್ಧತಿಯಲ್ಲಿ ಮೊದಲ ಐದು ಅಂಕಿಗಳು ಅದು ಯಾವ ಭಾಗವೆಂಬುದನ್ನು ತಿಳಿಸುತ್ತವೆ. 16510 ಎಂದಿದ್ದರೆ ಆಯಿಲ್ ಫಿಲ್ಟರ್, 13780 ಎಂದಿದ್ದರೆ ಏರ್ ಫಿಲ್ಟರ್. ಮುಂದಿನ ಅಕ್ಷರ ಅಂಕಿಗಳು ಅದು ಯಾವ ಮಾದರಿಯ ಕಾರಿಗೆ ಸೇರಿದುದೆಂಬುದನ್ನು ಸೂಚಿಸುತ್ತವೆ. ಕಾಲಕ್ರಮದಲ್ಲಿ ಒಂದು ಭಾಗವನ್ನು ಸುಧಾರಿಸಿದಾಗ ಹಳೆಯ ಸಂಖ್ಯೆಯನ್ನು ಕೈಬಿಟ್ಟು ಹೊಸದನ್ನು ಕೊಡುತ್ತಾರೆ. ಹಳೆಯ ಸಂಖ್ಯೆಯನ್ನಷ್ಟೇ ನೋಡಿದವರು "ಇಲ್ಲ" ಎನ್ನುತ್ತಾರೆ. ಅದರ ವಂಶಾವಳಿಯನ್ನು ಬಲ್ಲವರು "ಇದರ ಬದಲಿಗೆ ಅದು ಆಗುತ್ತದೆ" ಎನ್ನುತ್ತಾರೆ.

ನೆಂಟಸ್ತಿಕೆಯೂ ಉಂಟು. ಕಾರ್ಬುರೇಟರ್ ಕಾಲದ ಮಾರುತಿ 800ರ ಎಂಜಿನ್ ಮತ್ತು ಓಮ್ನಿ ವಾಹನದ ಎಂಜಿನ್ ಒಂದೇ ಕುಟುಂಬದವು. ಓಮ್ನಿ 2019ರವರೆಗೂ ತಯಾರಾಯಿತು. ಆದ್ದರಿಂದ ಕಾರಿನ ಹೆಸರಿನಲ್ಲಿ ದೊರೆಯದ ಎಂಜಿನ್ ಭಾಗವು ಓಮ್ನಿಯ ಹೆಸರಿನಲ್ಲಿ ದೊರೆಯಬಹುದು. ಆದರೆ 2000ದಲ್ಲಿ ಬಂದ ಆಲ್ಟೋ ಕಾರಿನ 796 ಸಿ.ಸಿ. ಎಂಜಿನ್ನಿಗೆ ಸಿಲಿಂಡರಿಗೆ ನಾಲ್ಕು ವಾಲ್ವುಗಳಿದ್ದವು. ಸಿ.ಸಿ. ಒಂದೇ ಆಯಿತೆಂದು ಅದರ ಭಾಗಗಳು ಇದಕ್ಕೆ ಹೊಂದುವುದಿಲ್ಲ. ಈ ವಿವೇಕವು ಕಂಪ್ಯೂಟರಿಗಿಂತ ಹೆಚ್ಚಾಗಿ ಅನುಭವಿಗಳ ತಲೆಯಲ್ಲಿರುತ್ತದೆ.

ಬಲ್ಲವರನ್ನು ಗುರುತಿಸುವ ಬಗೆ

ಹೊಸ ಕಾರುಗಳು ಹೊಳೆಯುವ ಗಾಜಿನ ಮಳಿಗೆಯನ್ನು ನೋಡಿ ಮರುಳಾಗಬಾರದು. ಬಿಡಿಭಾಗಗಳ ಕೌಂಟರು ಸಾಮಾನ್ಯವಾಗಿ ದುರಸ್ತಿ ಕಾರ್ಯಾಗಾರದ ಬದಿಗಿರುತ್ತದೆ. ನಿಮ್ಮ ಕಾರು ಹೊಸದಾಗಿದ್ದ ಕಾಲದಿಂದಲೂ ವ್ಯಾಪಾರ ನಡೆಸಿಕೊಂಡು ಬಂದ ಮಳಿಗೆ ಯಾವುದೆಂದು ವಿಚಾರಿಸಿರಿ. ಊರಿನ ಮೇಸ್ತ್ರಿಗಳು ಯಾರ ಹೆಸರು ಹೇಳಿ ಅಲ್ಲಿಗೆ ಹೋಗುತ್ತಾರೆಂಬುದನ್ನು ಕೇಳಿರಿ. ಮಳಿಗೆಗಳಲ್ಲದೆ, ಕಂಪನಿಯ ಅಸಲಿ ಭಾಗಗಳನ್ನು ಮಾತ್ರ ಮಾರುವ ವಿತರಕರೂ ಇದ್ದಾರೆ. ಅವರನ್ನೂ ಕಾಣಬಹುದು.

ಬಲ್ಲವರು ಮೊದಲು ಪ್ರಶ್ನೆ ಕೇಳುತ್ತಾರೆ. ತಯಾರಾದ ತಿಂಗಳು, ಚಾಸಿ ಸಂಖ್ಯೆ, ಕಾರ್ಬುರೇಟರೋ ಎಂ.ಪಿ.ಎಫ್.ಐ.ಯೋ, ಗೇರು ನಾಲ್ಕೋ ಐದೋ ಎಂಬುದನ್ನು ತಿಳಿಯದೆ ಸಾಮಾನು ತೆಗೆದುಕೊಡುವುದಿಲ್ಲ. ಇಲ್ಲದ್ದನ್ನು ಇಲ್ಲವೆನ್ನಲು ಸಂಕೋಚಪಡುವುದಿಲ್ಲ. "ಹೆಂಗೋ ಕೂಡತದ, ಒಯ್ರಿ" ಎನ್ನುವವರಲ್ಲಿ ಬ್ರೇಕು, ಸ್ಟಿಯರಿಂಗುಗಳ ಭಾಗವನ್ನು ಎಂದಿಗೂ ಕೊಳ್ಳಬೇಡಿರಿ.

ಗ್ರಾಹಕರಾದ ನಮಗೂ ಕರ್ತವ್ಯವಿದೆ. ಆರ್.ಸಿ.ಯ ಪ್ರತಿ, ಬಿಚ್ಚಿದ ಹಳೆಯ ಭಾಗ, ಸಾಧ್ಯವಾದರೆ ಅದರ ಸಂಖ್ಯೆ ಇವುಗಳೊಂದಿಗೆ ಹೋಗಬೇಕು. ಬೆಳಿಗ್ಗೆ ಗ್ಯಾರೇಜಿನ ಹುಡುಗರು ಕೌಂಟರಿಗೆ ಮುತ್ತಿಕೊಂಡಿರುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಹೋದರೆ ಅವರಿಗೂ ಹುಡುಕಲು ವ್ಯವಧಾನವಿರುತ್ತದೆ. ಪೊಟ್ಟಣದ ಮೇಲಿನ ಸಂಖ್ಯೆ, ಬೆಲೆ, ತಯಾರಿಕೆಯ ತಿಂಗಳುಗಳನ್ನು ನೋಡಿ ರಸೀದಿ ಪಡೆಯಬೇಕು. ರಬ್ಬರಿನ ಭಾಗ ಅಸಲಿಯಾಗಿದ್ದರೂ ಹತ್ತಾರು ವರ್ಷ ಕಪಾಟಿನಲ್ಲಿದ್ದರೆ ಗಡುಸಾಗುತ್ತದೆ. ಅಂಥದನ್ನು ಒಯ್ಯಬಾರದು.

ಕೌಂಟರಿನಲ್ಲಿ ದೊರೆಯದಿದ್ದರೆ

ಕೆಲವು ಕಾರುಗಳಿಗೆ ಈ ಆಸರೆಯೂ ಉಳಿದಿಲ್ಲ. ಪ್ರೀಮಿಯರ್ ಪದ್ಮಿನಿ ಈ ಶತಮಾನದ ಆರಂಭಕ್ಕೆ ನಿಂತುಹೋಯಿತು. ಅಂಬಾಸಿಡರ್ ಕಾರಿನ ಉತ್ತರಪಾರಾ ಕಾರ್ಖಾನೆ 2014ರಲ್ಲಿ ಮುಚ್ಚಿತು. ಇವುಗಳನ್ನು ಉಳಿಸಿಕೊಂಡವರು ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗಗಳ ಅಂಗಡಿಗಳನ್ನೋ ಶಿವಾಜಿನಗರದ ಗುಜರಿಯನ್ನೋ ಲೇತ್ ಕೆಲಸದವರನ್ನೋ ಆಶ್ರಯಿಸಬೇಕು. ಬಾಗಿಲಿನ ಹಿಡಿ, ಗಾಜು, ದೀಪದ ಚೌಕಟ್ಟುಗಳನ್ನು ಗುಜರಿಯಿಂದ ತರಬಹುದು. ಬ್ರೇಕು, ಸ್ಟಿಯರಿಂಗುಗಳ ಭಾಗಗಳನ್ನು ಮಾತ್ರ ತರಲಾಗದು.

ಖಾಸಗಿ ಕಾರಿನ ನೋಂದಣಿಯನ್ನು ಹದಿನೈದು ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2023ರಲ್ಲಿ ನಮ್ಮ ಕಾರು ತಪಾಸಣೆಯಲ್ಲಿ ತೇರ್ಗಡೆಯಾಗಿ ನಾಲ್ಕನೆಯ ನವೀಕರಣವನ್ನು ಪಡೆಯಿತು. ಆ ಸಂತೋಷವನ್ನು ತಿಳಿಸಲು ದಾವಣಗೆರೆಗೆ ಹೋದೆವು. ಹಿರಿಯರು ಮುಂದಿನ ವರ್ಷ ನಿವೃತ್ತರಾಗುವುದಾಗಿ ಹೇಳಿದರು. ಅವರ ಪಕ್ಕದಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಕುಳಿತು, ಅವರು ಹೇಳಿದ ಸಂಖ್ಯೆಗಳನ್ನು ಒಂದು ನೋಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ನಮ್ಮನ್ನು ಕಂಡು ಅವನೇ ಮೊದಲು, "ಯಾವ ವರ್ಷದ ಗಾಡಿರೀ?" ಎಂದು ಕೇಳಿದ. ನಮಗೆ ಸಮಾಧಾನವಾಯಿತು.

ನಾವೂ ಅಂದಿನಿಂದ ಕಾರಿನಲ್ಲಿ ಒಂದು ಪುಸ್ತಕವನ್ನಿಟ್ಟಿದ್ದೇವೆ. ಹಾಕಿಸಿದ ಭಾಗ, ಅದರ ಸಂಖ್ಯೆ, ತಾರೀಖು, ಕೊಟ್ಟವರ ಹೆಸರು ಅದರಲ್ಲಿವೆ. ಹಿರಿಯರ ಕಾರನ್ನು ಉಳಿಸಿಕೊಂಡ ಬಂಧುಗಳೆಲ್ಲರೂ ಇಂಥದೊಂದು ಪುಸ್ತಕವನ್ನು ಇಡಬೇಕೆಂಬುದು ನಮ್ಮ ಕಳಕಳಿಯ ವಿನಂತಿ. ಮಕ್ಕಳಿಗೆ ಕಾರಿನ ಕೀಲಿಕೈ ಕೊಡುವ ದಿನ ಆ ಪುಸ್ತಕವನ್ನೂ ಜೊತೆಗೆ ಕೊಡೋಣ.