ಕಡತದಿಂದ ಕ್ಲೌಡಿಗೆ: ಶಾಲಾ ದಾಖಲೆಗಳ ರಕ್ಷಣೆ ಮತ್ತು ಅದರ ವೆಚ್ಚ

ಕಚೇರಿಯ ಕಾಗದಪತ್ರಗಳ ಕಟ್ಟನ್ನು ‘ಕಡತ’ವೆಂದು ಕರೆಯುವುದು ಇಂದಿನ ರೂಢಿ. ಪೂರ್ವದಲ್ಲಿ ಈ ಶಬ್ದಕ್ಕಿದ್ದ ಅರ್ಥವೇ ಬೇರೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕವನ್ನು ಬರೆಯುತ್ತಿದ್ದರು. ಪ್ರಯೋಜನ ತೀರಿದ ಬಳಿಕ ಅಳಿಸಿ, ಪುನಃ ಬಳಿದು ಉಪಯೋಗಿಸಬಹುದಾದ ವಸ್ತು ಅದು. ದಾನಶಾಸನವನ್ನಾದರೋ ಕಲ್ಲಿನಲ್ಲಿಯೋ ತಾಮ್ರಪಟದಲ್ಲಿಯೋ ಕೆತ್ತಿಸುತ್ತಿದ್ದರು. ಗ್ರಂಥವನ್ನು ಓಲೆಯಲ್ಲಿ ಬರೆದು, ಓಲೆ ಜೀರ್ಣವಾಗುವ ಮುನ್ನ ಪ್ರತಿ ಮಾಡಿಸುತ್ತಿದ್ದರು. ಯಾವುದು ಎಷ್ಟು ಕಾಲ ಉಳಿಯತಕ್ಕದ್ದೆಂಬ ನಿರ್ಣಯ ಬರೆಯುವುದಕ್ಕೆ ಮೊದಲೇ ಆಗಿಹೋಗುತ್ತಿತ್ತು.

ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲೆಗಳ ಮುಂದಿರುವ ಪ್ರಶ್ನೆಯೂ ಇದೇ. ಬೀರುಗಳಲ್ಲಿನ ದಾಖಲಾತಿ ಪುಸ್ತಕಗಳಿಗೆ ತೇವ, ಗೆದ್ದಲುಗಳ ಭಯವಿರುವುದರಿಂದ ಅವನ್ನು ಸ್ಕ್ಯಾನ್ ಮಾಡಿ ‘ಕ್ಲೌಡ್’ನಲ್ಲಿ ಇರಿಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆ ಯುಕ್ತವಾದುದೇ. ಆದರೆ ಹೆಸರು ಮೇಘವೆಂದಿದ್ದರೂ ಅದು ಆಕಾಶದಲ್ಲಿಲ್ಲ. ಮುಂಬಯಿಯಂತಹ ನಗರದಲ್ಲಿ ಅನ್ಯರು ನಡೆಸುವ ಯಂತ್ರಾಗಾರದಲ್ಲಿದೆ. ಅಲ್ಲಿ ಇಟ್ಟ ಸರಕಿನ ಗಾತ್ರಕ್ಕೆ ತಕ್ಕಂತೆ ತಿಂಗಳು ತಿಂಗಳೂ ಬಾಡಿಗೆ ಸಲ್ಲಬೇಕು. ಉಗ್ರಾಣದ ಗೋಡೆ ಕಣ್ಣಿಗೆ ಕಾಣದಿರುವುದರಿಂದ ಅದು ತುಂಬಿದ್ದೇ ತಿಳಿಯದು.

ಉಚಿತವಾಗಿ ದೊರೆಯುವುದಕ್ಕೂ ಮಿತಿಯುಂಟು. ಗೂಗಲ್ ಸಂಸ್ಥೆಯು ಛಾಯಾಚಿತ್ರಗಳಿಗೆ ಕೊಟ್ಟಿದ್ದ ಮಿತಿಯಿಲ್ಲದ ಉಚಿತ ಸ್ಥಳವನ್ನು 2021ರ ಜೂನ್‌ನಲ್ಲಿ ನಿಲ್ಲಿಸಿತು. ವಿದ್ಯಾಸಂಸ್ಥೆಗಳಿಗಿದ್ದ ಅಂತಹುದೇ ಸೌಲಭ್ಯಕ್ಕೆ 2022ರಲ್ಲಿ ಮಿತಿ ವಿಧಿಸಿತು. ವ್ಯಕ್ತಿಯೊಬ್ಬರ ಸಾಮಾನ್ಯ ಖಾತೆಗೆ ಅದು ಗೊತ್ತುಪಡಿಸಿದ ಉಚಿತ ಸ್ಥಳ 15 ಜಿ.ಬಿ. ಒಂದು ಪುಟದ ಪ್ರತಿಕೃತಿ ಒಂದು ಎಂ.ಬಿ. ಎಂದಿಟ್ಟುಕೊಂಡರೆ, 200 ಪುಟಗಳ 50 ದಾಖಲಾತಿ ಪುಸ್ತಕಗಳಿಗೆ ಸುಮಾರು 10 ಜಿ.ಬಿ. ಸಾಕು. ವಾರ್ಷಿಕೋತ್ಸವದ ಮೂರು ಗಂಟೆಗಳ ಮೊಬೈಲ್ ಚಿತ್ರೀಕರಣವೊಂದೇ ಇಷ್ಟು ಸ್ಥಳವನ್ನು ನುಂಗಿಬಿಡಬಲ್ಲದು! ಶಾಲೆಯ ಹಣ ವ್ಯಯವಾಗುವುದು ದಾಖಲೆಗಳಿಂದಲ್ಲ. ಒಂದೇ ನೃತ್ಯವನ್ನು ನಾಲ್ವರು ಚಿತ್ರಿಸಿ ನಾಲ್ಕನ್ನೂ ಇಟ್ಟುಕೊಳ್ಳುವುದರಿಂದ.

ಆದುದರಿಂದ ವರ್ಗೀಕರಣವೇ ಮೊದಲ ಕಾರ್ಯ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ಎ, ಬಿ, ಸಿ, ಡಿ, ಇ ಎಂದು ವಿಂಗಡಿಸಿ ಕ್ರಮವಾಗಿ ಶಾಶ್ವತ, 30, 10, 5 ಮತ್ತು 1 ವರ್ಷದ ಅವಧಿಯನ್ನು ನಿಗದಿಪಡಿಸುವ ಪದ್ಧತಿಯಿದೆ. ಶಾಲೆಗೂ ಇದು ಒಳ್ಳೆಯ ಮಾದರಿ. ದಾಖಲಾತಿ ಪುಸ್ತಕವು ಶಾಶ್ವತ. ನಲವತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟವರು ಜನ್ಮದಿನಾಂಕದ ಆಧಾರಕ್ಕಾಗಿ ಬಂದು ನಿಂತಾಗ ಬೇರೆ ಗತಿಯಿಲ್ಲ. ದಾನಿಗಳಿಗೆ ಕೊಟ್ಟ ರಸೀದಿಗಳ ವಿಷಯ ಬೇರೆ. ಆದಾಯ ತೆರಿಗೆ ನಿಯಮಗಳಿಗೆ 2022ರಲ್ಲಿ ಸೇರಿದ 17ಎಎ ನಿಯಮವು ದತ್ತಿಸಂಸ್ಥೆಗಳ ಲೆಕ್ಕಪತ್ರಗಳಿಗೆ, ಸಂಬಂಧಿಸಿದ ಕರನಿರ್ಧಾರ ವರ್ಷದ ಕೊನೆಯಿಂದ 10 ವರ್ಷಗಳ ಅವಧಿಯನ್ನು ವಿಧಿಸಿತು. ವಿದ್ಯುನ್ಮಾನ ರೂಪಕ್ಕೂ ಅವಕಾಶವಿತ್ತಿತು. ಏನನ್ನಾದರೂ ತೆಗೆದುಹಾಕುವ ಮುನ್ನ ಪ್ರಚಲಿತ ನಿಯಮವನ್ನು ಲೆಕ್ಕಪರಿಶೋಧಕರಿಂದ ತಿಳಿಯುವುದು ಕ್ಷೇಮ. ಸುತ್ತೋಲೆಗಳ ಎರಡನೆಯ ಪ್ರತಿ, ಆಮಂತ್ರಣದ ಕರಡು ಮೊದಲಾದವಕ್ಕೆ ಒಂದು ವರ್ಷವೇ ಅಧಿಕ.

ಅಪರೂಪಕ್ಕೆ ಬೇಕಾಗುವುದನ್ನು ಅಗ್ಗದ ‘ಆರ್ಕೈವ್’ ಶ್ರೇಣಿಯಲ್ಲಿ ಇಡಬಹುದು. ಅಮೆಜಾನ್ ಸಂಸ್ಥೆಯ ಅತ್ಯಂತ ಅಗ್ಗದ ಶ್ರೇಣಿಯ ಬಾಡಿಗೆ ಸಾಮಾನ್ಯ ಶ್ರೇಣಿಯದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಅಲ್ಲಿಂದ ಹಿಂಪಡೆಯಲು ಹನ್ನೆರಡು ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಕಾಯಬೇಕಾದೀತು, ಹಿಂಪಡೆಯುವುದಕ್ಕೆ ಪ್ರತ್ಯೇಕ ಶುಲ್ಕವುಂಟು, 180 ದಿನಗಳಿಗೆ ಮೊದಲೇ ಅಳಿಸಿದರೂ ಆ ಅವಧಿಯ ಬಾಡಿಗೆ ತಪ್ಪದು. ವರ್ಗಾವಣೆ ಪತ್ರಕ್ಕಾಗಿ ಪೋಷಕರು ಬಾಗಿಲಲ್ಲಿ ನಿಂತಿರುವಾಗ ಇದು ಒದಗದು.

ಇಟ್ಟರಷ್ಟೇ ಸಾಲದು, ಹುಡುಕಿದಾಗ ಸಿಗಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳ ಮೇಲೆ ಶತಮಾನಗಳಿಂದ ಬರಹಗಳಿದ್ದವು. ರೈಸ್ ಮಹಾಶಯರ 1889ರ ಸಂಪುಟದಲ್ಲಿ 144 ಶಾಸನಗಳು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500, 1973ರ ಸಂಪುಟದಲ್ಲಿ 573 ಪ್ರಕಟವಾದವು. ಅವಕ್ಕೆ ಸಂಖ್ಯೆಯೂ ಸೂಚಿಯೂ ದೊರೆತ ಮೇಲೆಯೇ ದೂರದ ವಿದ್ವಾಂಸನಿಗೂ ಅವು ನಿಲುಕಿದುದು. ಮೊಬೈಲ್ ತಾನಾಗಿ ಕೊಟ್ಟ ಅಂಕಿಗಳ ಹೆಸರಿನಲ್ಲಿ ಬಿದ್ದಿರುವ ಸಾವಿರ ಚಿತ್ರಗಳು ಇದ್ದೂ ಇಲ್ಲದಂತೆ. ‘ದಾಖಲಾತಿ, 1968–69, ಪುಟ 12’ ಎಂಬಂತೆ ಹೆಸರಿಡುವ ಶ್ರಮವನ್ನು ಸ್ಕ್ಯಾನ್ ಮಾಡುವ ದಿನವೇ ವಹಿಸಬೇಕು.

ಇನ್ನೊಂದು ಅಪಾಯವನ್ನು ಆಡಳಿತ ಮಂಡಳಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ಅನೇಕ ಕಡೆ ಶಾಲೆಯ ದಾಖಲೆಗಳು ಉತ್ಸಾಹಿ ಅಧ್ಯಾಪಕರೊಬ್ಬರ ಸ್ವಂತ ಖಾತೆಯಲ್ಲಿರುತ್ತವೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಅಧ್ಯಾಪಕರು ನಿವೃತ್ತರಾಗಿ ಆ ಖಾತೆಯನ್ನು ಮರೆತರೆ, ಗೆದ್ದಲಿಗೂ ಸಿಗದ ಪುಸ್ತಕ ಒಂದು ದಿನ ಸದ್ದಿಲ್ಲದೆ ಮಾಯವಾದೀತು. ಖಾತೆಯು ಸಂಸ್ಥೆಯ ಹೆಸರಿನಲ್ಲಿರಬೇಕು. ಗುಪ್ತಪದವು ಇಬ್ಬರಿಗಾದರೂ ತಿಳಿದಿರಬೇಕು. ಶಾಶ್ವತ ವರ್ಗದ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಬೇರೊಂದು ಕಟ್ಟಡದಲ್ಲಿರಬೇಕು. ಮೂಲ ಪುಸ್ತಕವನ್ನು ಯಾವ ಕಾರಣಕ್ಕೂ ವಿಲೇವಾರಿ ಮಾಡಕೂಡದು. ಮುಖ್ಯೋಪಾಧ್ಯಾಯರು ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀರುಗಳ ಬೀಗದ ಕೈಗಳ ಕೆಳಗೆ ಈ ಖಾತೆಯ ಹೆಸರೂ, ಬಾಡಿಗೆ ಮುಂದೆ ಸಲ್ಲಬೇಕಾದ ದಿನಾಂಕವೂ ನಮೂದಾಗಿರತಕ್ಕದ್ದು.