ಇಳಿಯುವ ಮುನ್ನ ಹಗ್ಗ ಯಾರ ಕೈಯಲ್ಲಿ?

ಮನೆ ಕಟ್ಟಿಸುವವರ ಪಾಲಿಗೆ ಸಂಪಿನ ಸೆಂಟ್ರಿಂಗ್ ಬಿಚ್ಚುವುದು ಲೆಕ್ಕಕ್ಕೇ ಬಾರದ ಕೆಲಸ. ಎರಡಡಿ ಅಗಲದ ಬಾಯಿಯಿಂದ ಒಬ್ಬ ಒಳಗಿಳಿದು ಹಲಗೆ, ಗಳ ಕಳಚಿ ಮೇಲಕ್ಕೆ ಕೊಟ್ಟರೆ ಮುಗಿಯಿತು. ಸಂಪಿಗಿನ್ನೂ ನೀರೇ ಬಿಟ್ಟಿಲ್ಲ, ಕೊಳಚೆಯ ಮಾತಂತೂ ದೂರ, ಮೂಗಿಗೆ ಬಡಿಯುವ ವಾಸನೆಯೂ ಇಲ್ಲ. ಇದರಲ್ಲಿ ಅಪಾಯ ಏನಿದ್ದೀತು? ಆದರೂ ಸೆಂಟ್ರಿಂಗ್ ತೆಗೆಯಲು ಸಂಪಿಗೋ ಹೊಸ ಸೆಪ್ಟಿಕ್ ಟ್ಯಾಂಕಿಗೋ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಸಲ ಸತ್ತವರು ಒಬ್ಬರಲ್ಲ, ಇಬ್ಬರು ಮೂವರು.

ಹೊಸ ತೊಟ್ಟಿಯ ಕೆಟ್ಟ ಗಾಳಿ

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿರುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ಸಂಪಿನಲ್ಲಿ ಕ್ಯೂರಿಂಗ್ ನೀರೋ ಮಳೆನೀರೋ ನಿಂತಿರುತ್ತದೆ. ಅದರಲ್ಲಿ ನೆನೆದ ಮರ ಕೊಳೆಯತೊಡಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಒಳಗಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹಸಿ ಮರ ತಾನೇ ಆಮ್ಲಜನಕ ಹೀರುತ್ತದೆ, ತುಕ್ಕು ಹಿಡಿಯುವ ಕಬ್ಬಿಣವೂ ಅಷ್ಟೇ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಮುಚ್ಚಳ ತೆರೆದ ಮಾತ್ರಕ್ಕೆ ತಳ ಬಿಟ್ಟು ಏಳುವುದಿಲ್ಲ.

ಆಮ್ಲಜನಕ ಶೇ 19.5ಕ್ಕಿಂತ ಕೆಳಗಿಳಿದರೆ ಆ ಜಾಗ ಕೆಲಸಕ್ಕೆ ಯೋಗ್ಯವಲ್ಲ ಎನ್ನುವುದು ಸುರಕ್ಷತಾ ತಜ್ಞರ ಲೆಕ್ಕ. ಶೇ 16ರ ಕೆಳಗೆ ಬುದ್ಧಿ ಮಂಕಾಗುತ್ತದೆ, ಶೇ 10ರ ಕೆಳಗೆ ಪ್ರಜ್ಞೆ ತಪ್ಪುತ್ತದೆ, ಶೇ 6ಕ್ಕೆ ಬಂದರೆ ನಿಮಿಷಗಳಲ್ಲಿ ಸಾವು. ಮೋಸ ಇರುವುದು ನಮ್ಮ ಮೈಯಲ್ಲೇ. ಉಸಿರುಕಟ್ಟಿದಂತೆ ಅನಿಸುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕವಷ್ಟೇ ಕುಸಿದರೆ ಆ ಎಚ್ಚರಿಕೆ ಸಿಗುವುದಿಲ್ಲ. ‘ಏನೋ ಸರಿಯಿಲ್ಲ’ ಎಂದು ಅನಿಸುವ ಹೊತ್ತಿಗೆ ಏಣಿ ಹತ್ತುವ ತ್ರಾಣ ಕಾಲಲ್ಲಿ ಉಳಿದಿರುವುದಿಲ್ಲ.

ಹಗೇವು ಬಲ್ಲವರ ಎಚ್ಚರ

ಉತ್ತರ ಕರ್ನಾಟಕದ ರೈತರಿಗೆ ಇದು ಹೊಸ ಪಾಠವೇನಲ್ಲ. ಜೋಳ ತುಂಬಿಟ್ಟ ನೆಲದಡಿಯ ಕಣಜ, ಅಂದರೆ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಗಾಳಿ ಹೋಗಲೆಂದು ಕಾಯುತ್ತಿದ್ದರು, ದೀಪ ಇಳಿಬಿಟ್ಟು ನೋಡುತ್ತಿದ್ದರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರುವ ಎಷ್ಟೋ ಮಂದಿಯ ಅಜ್ಜಂದಿರಿಗೆ ಗೊತ್ತಿದ್ದ ಎಚ್ಚರ ಇದು. ಹಗೇವು ಅಪಾಯದ ಜಾಗ ಎಂದು ಊರಿಗೇ ಗೊತ್ತಿತ್ತು. ಸಿಮೆಂಟಿನ ಹೊಸ ಸಂಪಿಗೆ ಆ ಹೆಸರು ಬಂದಿಲ್ಲ, ಅಷ್ಟೇ.

ಹಾಗೆಂದು ಇಂದು ದೀಪವನ್ನೇ ನಂಬಿ ಕೂರುವಂತಿಲ್ಲ. ದೀಪ ಆರಿದರೆ ಇಳಿಯಬಾರದು, ನಿಜ. ಆದರೆ ಉರಿದರೆ ಇಳಿಯಬಹುದು ಎಂದಲ್ಲ. ಡೀಸೆಲ್ ಪಂಪನ್ನು ಗುಂಡಿಯೊಳಗೇ ಇಟ್ಟು ನೀರೆತ್ತಿದಾಗ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪಕ್ಕೆ ಅದು ಗೊತ್ತೂ ಆಗುವುದಿಲ್ಲ. ಬಳಕೆಯಲ್ಲಿರುವ ಸೆಪ್ಟಿಕ್ ಟ್ಯಾಂಕಿನಲ್ಲಿ ಮಿಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಿಡಿ. ಅಲ್ಲಿಯ ಹೈಡ್ರೋಜನ್ ಸಲ್ಫೈಡ್ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ನೂರು ಭಾಗದಷ್ಟಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. ‘ವಾಸನೆ ಹೋಯಿತು, ಇಳಿ’ ಎಂಬ ಮಾತು ಪ್ರಾಣಕ್ಕೆರವಾಗುವುದು ಹೀಗೆ.

ಹಿಂದೆಯೇ ಇಳಿದವರು

ಒಳಗಿದ್ದವನು ಕುಸಿದ. ಮೇಲಿದ್ದವನು ಅವನ ತಮ್ಮನೋ, ಊರಿನವನೋ, ಜೊತೆ ಕೆಲಸಗಾರನೋ ಆಗಿರುತ್ತಾನೆ. ಆತ ಯೋಚಿಸದೆ ಇಳಿಯುತ್ತಾನೆ. ಇಳಿದವನು ಉಸಿರಾಡುವುದೂ ಅದೇ ಗಾಳಿಯನ್ನು. ಇಂಥ ಇಕ್ಕಟ್ಟಿನ ಜಾಗಗಳ ಸಾವುಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ರಕ್ಷಣೆಗೆ ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಆ ಗಳಿಗೆಯಲ್ಲಿ ‘ಇಳಿಯಬೇಡ’ ಎಂದರೆ ಯಾರೂ ಕೇಳುವುದಿಲ್ಲ, ಕೇಳುವುದು ಮನುಷ್ಯರಿಂದ ಆಗುವ ಕೆಲಸವೂ ಅಲ್ಲ. ಆದ್ದರಿಂದ ಕುಸಿದವನನ್ನು ಮೇಲೆತ್ತುವ ದಾರಿ ಅವನು ಇಳಿಯುವ ಮೊದಲೇ ಸಿದ್ಧವಾಗಿರಬೇಕು.

ನಮ್ಮ ಕಾನೂನಿಗೆ ಇದು ಹಳೆಯ ಸಂಗತಿ. ಒಳಗಿನ ಗಾಳಿಯನ್ನು ಪರೀಕ್ಷಿಸಿ ಸುರಕ್ಷಿತವೆಂದು ಬರೆದುಕೊಟ್ಟಿರದಿದ್ದರೆ, ವಿಷಾನಿಲವಿರಬಹುದಾದ ತೊಟ್ಟಿಗೆ ಇಳಿಯುವವನ ಬೆಲ್ಟಿಗೆ ಹಗ್ಗ ಕಟ್ಟಿರಬೇಕು, ಅದರ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಹೇಳಿತ್ತು. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕಾಯ್ದೆ ಬಂತು, 1998ರಲ್ಲಿ ಕೇಂದ್ರದ ನಿಯಮಗಳು ಬಂದವು. ಆದರೆ ಆ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಂಡದ್ದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯನ್ನು. ಮೂವತ್ತು ನಲವತ್ತರ ಸೈಟಿನಲ್ಲಿ ಒಬ್ಬ ಮೇಸ್ತ್ರಿ, ಮೂವರು ಆಳುಗಳು ಇರುವ ಕಡೆ ಸುರಕ್ಷತಾ ಅಧಿಕಾರಿಯೂ ಇಲ್ಲ, ತಪಾಸಣೆಗೆ ಬರುವವರೂ ಇಲ್ಲ. ಮನೆಯ ಸಂಪು ಇರುವುದು ಅಲ್ಲೇ.

ಏನು ಮಾಡಬಹುದು?

ಎಲ್ಲಕ್ಕಿಂತ ಒಳ್ಳೆಯದು ಯಾರೂ ಇಳಿಯದಂತೆ ಕಟ್ಟುವುದು. ಸಂಪಿನ ಮೇಲೆ ಚಪ್ಪಡಿ ಕಲ್ಲನ್ನೋ ಮೊದಲೇ ಎರಕ ಹೊಯ್ದ ಹಲಗೆಗಳನ್ನೋ ಹೊದಿಸಿದರೆ ಒಳಗೆ ಸೆಂಟ್ರಿಂಗೇ ಬೇಡ. ಮೋಲ್ಡೇ ಹಾಕುವುದಾದರೆ ಎದುರುಬದುರು ಮೂಲೆಗಳಲ್ಲಿ ಎರಡು ಬಾಯಿ ಬಿಡಿಸಿ, ಗಾಳಿಯಾಡುತ್ತದೆ. ಕ್ಯೂರಿಂಗ್ ಮುಗಿಯುವವರೆಗೂ ಬಾಯಿಗೆ ಜಾಲರಿ ಹಾಕಿ, ಗಾಳಿಯಾಡದಂತೆ ಮುಚ್ಚಬೇಡಿ.

ಇಳಿಯಲೇಬೇಕಾದರೆ ನೀರನ್ನು ಮೇಲಿನಿಂದಲೇ ಎತ್ತಿಸಿ. ಬ್ಲೋವರಿನ ಪೈಪು ತಳದವರೆಗೆ ತಲುಪಬೇಕು. ಬಾಯಿಯ ಹತ್ತಿರ ಇಟ್ಟ ಟೇಬಲ್ ಫ್ಯಾನ್ ತಳದ ಗಾಳಿಯನ್ನು ಕದಲಿಸುವುದಿಲ್ಲ. ಗ್ಯಾಸ್ ಡಿಟೆಕ್ಟರನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಕೆಲಸ ಮುಗಿಯುವವರೆಗೂ ಬ್ಲೋವರ್ ನಿಲ್ಲಬಾರದು. ಮುಖಕ್ಕೆ ಕಟ್ಟಿದ ಒದ್ದೆ ಟವೆಲ್ಲಾಗಲಿ ಧೂಳಿನ ಮಾಸ್ಕಾಗಲಿ ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ಸಿಲಿಂಡರಿನ ಆಮ್ಲಜನಕವನ್ನು ಒಳಗೆ ಬಿಡುವುದಂತೂ ಬೇಡವೇ ಬೇಡ, ಒಂದು ಕಿಡಿ ಸಾಕು ಬೆಂಕಿಗೆ.

ಸೊಂಟಕ್ಕೆ ಕಟ್ಟಿದ ಹಗ್ಗದಿಂದ ಪ್ರಜ್ಞೆ ತಪ್ಪಿದವನನ್ನು ಎರಡಡಿಯ ಬಾಯಿಯಲ್ಲಿ ಎಳೆಯಲಾಗದು, ಮೈ ಮಡಚಿ ಸಿಕ್ಕಿಕೊಳ್ಳುತ್ತದೆ. ಭುಜ, ತೊಡೆ ಬಳಸಿ ಕಟ್ಟುವ ಹಾರ್ನೆಸ್ ಬೇಕು. ಮೇಲೆ ಮುಕ್ಕಾಲಿಯೂ ಕೈಯಿಂದ ತಿರುಗಿಸುವ ವಿಂಚೂ ಇದ್ದರೆ ಒಬ್ಬನೇ ನಿಂತು ಎತ್ತಬಲ್ಲ. ಆ ಒಬ್ಬನಿಗೆ ಬೇರೆ ಕೆಲಸ ಹೇಳಕೂಡದು. ಎತ್ತಲಾಗದಿದ್ದರೆ 112ಕ್ಕೆ ಕರೆ ಮಾಡಿ ಬ್ಲೋವರಿನಿಂದ ಗಾಳಿ ಬಿಡುತ್ತಲೇ ಇರಬೇಕು.

ಇದಕ್ಕೆಲ್ಲ ಖರ್ಚಿದೆ, ಮತ್ತು ಅದನ್ನು ದಿನಗೂಲಿಯವನ ಮೇಲೆ ಹೊರಿಸಲಾಗದು. ಟೈಲ್ಸಿನ ದರಕ್ಕೆ ನಾಲ್ಕು ಅಂಗಡಿ ಸುತ್ತುವ ಮನೆ ಮಾಲೀಕರು ಸಂಪಿನ ಮಾತುಕತೆಯಲ್ಲಿ ಮೇಸ್ತ್ರಿಗೆ ಎರಡು ಪ್ರಶ್ನೆ ಕೇಳಬೇಕು: ಒಳಗಿನ ಗಾಳಿಯನ್ನು ಅಳೆಯುವವರು ಯಾರು? ಹಗ್ಗ ಹಿಡಿಯುವವರು ಯಾರು? ಇವರಿಬ್ಬರ ಕೂಲಿ, ಸಲಕರಣೆಯ ಬಾಡಿಗೆ ಎರಡೂ ಅಂದಾಜುಪಟ್ಟಿಯಲ್ಲೇ ಬರಲಿ. ಉತ್ತರ ಸಿಗದಿದ್ದರೆ ಗೃಹಪ್ರವೇಶದ ಮುಹೂರ್ತ ಮುಂದಕ್ಕೆ ಹೋದರೂ ಸರಿಯೇ, ಯಾರೂ ಇಳಿಯಬಾರದು.