ಒ ಅಲ್ಲದ ಒ: ಬಾಂಬೆ ರಕ್ತದ ಗುಂಪು

ಕೆಂಪು ರಕ್ತಕಣದ ಮೈತುಂಬ ಸಕ್ಕರೆಯ ಅಣುಗಳಿಂದಾದ ಪುಟ್ಟ ಸರಪಳಿಗಳಿರುತ್ತವೆ. ರಕ್ತದ ಗುಂಪು ಯಾವುದೆಂಬುದು ಈ ಸರಪಳಿಯ ತುದಿಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಒಂದು ಬಗೆಯ ಸಕ್ಕರೆ ಸೇರಿದ್ದರೆ ಎ ಗುಂಪು, ಇನ್ನೊಂದು ಬಗೆಯದಾದರೆ ಬಿ, ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಒ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮೂರು ಗುಂಪುಗಳನ್ನು ಗುರುತಿಸಿದರು. ಎಬಿ ಪತ್ತೆಯಾದದ್ದು ಮರುವರ್ಷ.

ಸಕ್ಕರೆಯನ್ನು ತುದಿಗೆ ಸೇರಿಸುವ ಕಿಣ್ವವನ್ನು ರೂಪಿಸುವುದು 9ನೇ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ. ಅದಕ್ಕೆ ಮುಖ್ಯವಾಗಿ ಮೂರು ರೂಪಗಳಿವೆಯೆಂದು 1924ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್. ತಾಯಿಯಿಂದ ಒಂದು, ತಂದೆಯಿಂದ ಒಂದು ರೂಪ ಮಗುವಿಗೆ ಬರುತ್ತದೆ. ಎ ಮತ್ತು ಬಿ ರೂಪಗಳು ಸರಿಸಮಾನವಾಗಿ ಪ್ರಬಲ. ಒ ಇವೆರಡರ ಮುಂದೆ ಅಡಗಿಕೊಳ್ಳುತ್ತದೆ. ಬಹುಪಾಲು ಒ ರೂಪಗಳಲ್ಲಿ ಕಾಣುವ ವ್ಯತ್ಯಾಸ ಬಹಳ ಸಣ್ಣದು. ಡಿಎನ್ಎಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿ, ಮುಂದಿನ ಓದೆಲ್ಲ ತಪ್ಪಿ, ಕೆಲಸಕ್ಕೆ ಬಾರದ ಕಿಣ್ವ ತಯಾರಾಗುತ್ತದೆ. ಆದ್ದರಿಂದಲೇ ತಂದೆತಾಯಿ ಇಬ್ಬರೂ ಒ ಆಗಿದ್ದರೆ ಮಕ್ಕಳೆಲ್ಲ ಒ ಎಂಬ ಪಾಠ ಶಾಲೆಯ ಪುಸ್ತಕಗಳಲ್ಲಿದೆ.

ಈ ಪಾಠಕ್ಕೂ ಅಪವಾದವಿದೆಯೆಂದು ತಿಳಿದದ್ದು ಮುಂಬಯಿಯಿಂದ. ಕೆಲವರ ರಕ್ತಕಣಗಳು ಪರೀಕ್ಷೆಯಲ್ಲಿ ಒ ಎಂದೇ ತೋರುತ್ತಿದ್ದವು, ಆದರೆ ಅವರ ರಕ್ತದ್ರವ ಬೇರೆಯವರ ಒ ರಕ್ತವನ್ನೂ ಹೆಪ್ಪುಗಟ್ಟಿದಂತೆ ಗುಂಪಾಗಿಸುತ್ತಿತ್ತು. ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಊರಿನ ಹೆಸರು ಬದಲಾದರೂ ರಕ್ತದ ಗುಂಪು ಇಂದಿಗೂ ಬಾಂಬೆಯೇ.

ಎ, ಬಿ ಸಕ್ಕರೆಗಳು ಬರಿಯ ಸರಪಳಿಗೆ ನೇರವಾಗಿ ಅಂಟುವುದಿಲ್ಲ. ಮೊದಲು ಫ್ಯುಕೋಸ್ ಎಂಬ ಸಕ್ಕರೆ ಸೇರಿ 'ಎಚ್' ಎಂಬ ತಳಹದಿ ಸಿದ್ಧವಾಗಬೇಕು. ಒ ಗುಂಪಿನವರಲ್ಲಿ ಈ ಎಚ್ ಧಾರಾಳವಾಗಿರುತ್ತದೆ. ಫ್ಯುಕೋಸನ್ನು ಸೇರಿಸುವ ಕಿಣ್ವದ ವಂಶವಾಹಿ ಇರುವುದು ಬೇರೆಡೆ, 19ನೇ ವರ್ಣತಂತುವಿನಲ್ಲಿ. ಅದರ ಎರಡೂ ಪ್ರತಿಗಳು ಕೆಟ್ಟಿದ್ದರೆ ಎಚ್ ಇಲ್ಲ. ಗೋಡೆಯೇ ಇಲ್ಲದ ಮೇಲೆ ಚಿತ್ತಾರ ಬರೆಯುವುದೆಲ್ಲಿ? ಆ ವ್ಯಕ್ತಿಯ ಎ ಅಥವಾ ಬಿ ವಂಶವಾಹಿ ಸುಸ್ಥಿತಿಯಲ್ಲಿದ್ದರೂ ರಕ್ತಕಣದ ಮೇಲೆ ಅದರ ಗುರುತು ಮೂಡುವುದಿಲ್ಲ.

ಮೂಡದಿದ್ದರೂ ಅದು ಮುಂದಿನ ಪೀಳಿಗೆಗೆ ದಾಟುತ್ತದೆ. ತಾಯಿ ನೋಟಕ್ಕೆ ಒ, ತಂದೆ ನಿಜವಾಗಿ ಒ, ಮಗು ಬಿ ಆಗಬಹುದು. ತಾಯಿಯಲ್ಲಿ ಅಡಗಿದ್ದ ಬಿ, ತಂದೆಯಿಂದ ಬಂದ ಸರಿಯಾದ ಎಚ್ ವಂಶವಾಹಿ ಸಿಕ್ಕೊಡನೆ ಮಗುವಿನಲ್ಲಿ ತಲೆಯೆತ್ತುತ್ತದೆ. ರಕ್ತದ ಗುಂಪಿನ ಚೀಟಿಯೊಂದನ್ನೇ ಹಿಡಿದು ಮಗು ಯಾರದೆಂದು ಸಂಶಯಪಡುವವರು ಈ ಸಾಧ್ಯತೆಯನ್ನು ಮರೆತೇ ಬಿಡುತ್ತಾರೆ.

ಭಾರತದಲ್ಲಿ ಬಾಂಬೆ ಗುಂಪಿನವರು ಸುಮಾರು 10,000 ಜನರಿಗೆ ಒಬ್ಬರೆಂಬ ಅಂದಾಜಿದೆ. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಕೆಟ್ಟ ಪ್ರತಿಯೊಂದು ಮಾತ್ರ ಇರುವವರಿಗೆ ಏನೂ ತೊಂದರೆಯಿಲ್ಲ, ಅದು ತಲೆಮಾರುಗಳವರೆಗೆ ಗೊತ್ತಾಗದೆ ಸಾಗುತ್ತದೆ. ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಒಂದೇ ಪೂರ್ವಜರಿಂದ ಬಂದ ಪ್ರತಿಗಳು ಹೀಗೆ ಜೋಡಿಯಾಗುವ ಸಂಭವ, ಯಾವುದೇ ವಂಶವಾಹಿಯಲ್ಲಿ, ಅತ್ತೆಯ ಇಲ್ಲವೇ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ 16ಕ್ಕೆ 1. ಕರ್ನಾಟಕದಲ್ಲಿಯೂ ರೂಢಿಯಲ್ಲಿರುವ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಅದು 8ಕ್ಕೆ 1. ಎಚ್ ವಂಶವಾಹಿ ಕೆಟ್ಟಿರುವ ಬಗೆಯೂ ಎಲ್ಲೆಡೆ ಒಂದೇ ಅಲ್ಲ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಭಾರತೀಯ ಮೂಲದವರಲ್ಲಿ ಒಂದು ಬಗೆಯ ದೋಷವಿದ್ದರೆ ಯುರೋಪಿಯನ್ ಮೂಲದವರಲ್ಲಿ ಇನ್ನೊಂದು.

ಬಾಂಬೆ ಗುಂಪಿನವರು ಸಾಮಾನ್ಯವಾಗಿ ಆರೋಗ್ಯವಂತರೇ. ಕಷ್ಟ ಎದುರಾಗುವುದು ರಕ್ತ ಬೇಕಾದಾಗ. ಅವರ ರಕ್ತದ್ರವದಲ್ಲಿ ಎಚ್ ವಿರುದ್ಧ ಪ್ರತಿಕಾಯಗಳಿರುವುದರಿಂದ 'ಎಲ್ಲರಿಗೂ ಸಲ್ಲುವ' ಒ ರಕ್ತವೂ ಪ್ರಾಣಾಪಾಯ ತರಬಲ್ಲದು. ರಕ್ತಕಣಗಳನ್ನಷ್ಟೇ ನೋಡಿದರೆ ಒ ಎಂದು ತೋರುವುದರಿಂದ, ದಾನಿಯ ರಕ್ತದೊಡನೆ ಹೊಂದಿಸಿ ನೋಡುವಾಗ ಅಥವಾ ಎಚ್ ಪರೀಕ್ಷೆ ಮಾಡಿದಾಗಲೇ ನಿಜ ತಿಳಿಯುತ್ತದೆ. ತಂದೆತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಮಗುವೂ ಬಾಂಬೆ ಗುಂಪಿನದಾಗುವ ಸಂಭವ ನಾಲ್ಕಕ್ಕೆ ಒಂದು. ಆದ್ದರಿಂದ ದಾನಿಯ ಹುಡುಕಾಟ ಆರಂಭವಾಗುವುದು ಒಡಹುಟ್ಟಿದವರಿಂದ. ಯೋಜಿತ ಶಸ್ತ್ರಚಿಕಿತ್ಸೆಯಾದರೆ ರೋಗಿಯ ರಕ್ತವನ್ನೇ ಮುಂಚಿತವಾಗಿ ತೆಗೆದಿಡುವುದೂ ಉಂಟು.